ಬಳಪ

ಒಗೆಯೂ ಹೊತ್ತಿನ್ಯಾಗ ಅಕೀ ಕಿಸೆದಾಗ ಸಿಕ್ತು.
ಇಡೀದಲ್ಲ, ಕಡದದ್ದು. ತುದಿಗೆ ಹಲ್ಲಿನ ಗುರುತು.
ಒಂಬತ್ತನೇ ಇಯತ್ತೆ ಹುಡುಗಿಗೆ
ಪಾಟಿ ಎಲ್ಲೀದು, ಬಳಪ ಯಾಕ ಬೇಕು?

ಬೈನಾದ ಈ ಓಣ್ಯಾಗ ಮುಂಜಾನೆ ಆರಕ್ಕ
ಪೊಂ ಪೊಂ ಅಂತ ಪೊಯಿ ಮಾರೋ ಸೈಕಲ್ ಬರ್ತೈತಿ.
ಒಂದು ಪೊಯಿ, ಒಂದು ಲೋಟ ಚಾ.
ಅದ್ದಿ ಅರ್ಧ ತಿಂದು, ಉಳಿದದ್ದು ತಮ್ಮಗ ದೂಡಿ
"ಹಸಿವಿಲ್ಲವ್ವಾ" ಅಂತ ಹೋಗ್ತಾಳ ದಾನೇಶ್ವರಿ.
ಹೋಗ್ಲಿ ಬಿಡು, ದೊಡ್ಡಾಕಿ ಆಗ್ಯಾಳ,
ಹಸಿವು ಮುಚ್ಚಿಕೊಳ್ಳೂದು ಕಲೀಲಿ
ಅಂತ ನಾನೂ ಅಂದೇನಿ.

ಮಧ್ಯಾಹ್ನ ಸಾಲಿ ಗೇಟಿನ ಮುಂದ
ಐದು ರೂಪಾಯಿ ಪೊಟ್ಟಣ, ಖಾರದ್ದು,
ಒಳಗ ಮುಕ್ಕಾಲು ಗಾಳಿ.
ರಾತ್ರಿ ಮೊದಲು ಅವರಪ್ಪ, ಆಮ್ಯಾಲ ಮುತ್ತು.
ಬಂಗುಡಿ ಇದ್ದರ ನಡುವಿನ ತುಂಡು ಅವರದು.
ತತ್ತಿ ಒಂದಿದ್ದರ ಮುತ್ತಂದು.
ಆಮ್ಯಾಲ ನಾವಿಬ್ಬರು, ಬೋಗುಣಿಯ ತಳ.
ತಿಂಗಳಿಗೆ ಏಳು ದಿನ ಹರೀತೈತಿ ಅಕೀಗೆ,
ಒಳ ಹೋಗಿದ್ದೆಷ್ಟು, ಹೊರ ಹೋಗಿದ್ದೆಷ್ಟು
ಲೆಕ್ಕ ಯಾರು ಇಟ್ಟಾರ?

ಅವರಪ್ಪ ಬಂದರಿನ್ಯಾಗ ಅದಿರು ತುಂಬಾಂವ.
ಮೂರು ನೀರು ಹಾಕಿದರೂ ಅಂಗಿ ಕೆಂಪು ಬಿಡ್ತೈತಿ.
ಹೊಸಲಿನ ಮ್ಯಾಲ, ಕೊಡದ ಮುಚ್ಚಳದ ಮ್ಯಾಲ,
ಒಣಹಾಕಿದ ಹಪ್ಪಳದ ಮ್ಯಾಲ
ಬೆರಳಿಲೆ ಹೆಸರು ಬರಿಬೇಕು, ಅಷ್ಟು ಧೂಳು.

ಹ್ವಾದ ಬುಧವಾರ ಸಾಲ್ಯಾಗ ಬೆರಳು ಚುಚ್ಚಿದರಂತ.
ಸಿಸ್ಟರ್ ಲುವಿಜಾ ನನ್ನ ಕರೆಸಿದಳು.
ಏಳು ಪಾಯಿಂಟ್ ಎಂಟು. ಹನ್ನೆರಡು ಇರಬೇಕಂತ.
ದಾನೇಶ್ವರಿಯ ಕಣ್ಣ ಕೆಳಗಿನ ರೆಪ್ಪಿ ಜಗ್ಗಿ ತೋರಿಸಿದಳು:
ಅಕ್ಕಿ ತೊಳೆದ ನೀರಿನ ಬಣ್ಣ.
ಅರ್ಧ ಕೊಂಕಣಿ, ಅರ್ಧ ಹಿಂದಿ,
"ಇಕೀ ಮೈಯಾಗ ಕಬ್ಬಿಣ ಇಲ್ಲ" ಅಂದಳು.
ನಾನು ನಕ್ಕೆ. ತಡಿಯಾಕ ಆಗಲಿಲ್ಲ.
ಸಿಸ್ಟರಗ ಸಿಟ್ಟು ಬಂತು.
ನನ್ನ ಮನಿ ಹೊಸಲು ನೋಡಬರ್ರಿ ಅನ್ನಾಕ
ಆ ಭಾಷಾ ನನಗ ಬರಲಿಲ್ಲ.

ನೀಲಿ ಗುಳಿಗಿ ಮೊದಲೂ ಕೊಟ್ಟಿದ್ದರಂತ.
ಹೊಟ್ಟಿ ತೊಳಸ್ತೈತಿ, ಹೇಲು ಕರ್ರಗಾಗ್ತೈತಿ ಅಂತ
ಹುಡುಗ್ಯಾರೆಲ್ಲ ಕಿಟಕ್ಯಾಗಿಂದ ಒಗೀತಿದ್ದರಂತ.
ಒಗದಲ್ಲಿ ಬೆಳೆದ ಬದನಿ ಗಿಡ ಭಾಳ ಜೋರೈತಿ
ಅಂತ ನಗ್ತಾಳ ನನ್ನ ಮಗಳು,
ಎರಡು ಮೆಟ್ಟಲು ಹತ್ತಿ, ಗ್ವಾಡಿ ಹಿಡಕೊಂಡು.

"ಬಳಪ ಯಾಕ ತಿಂತಿ?"
ತಲಿ ಕೆಳಗ ಹಾಕಿದಳು. ಭಾಳ ಹೊತ್ತಿನ ಮ್ಯಾಲ:
"ಹೊಸ ಮಳಿ ಮಣ್ಣಿನ ವಾಸನಿ ಬರ್ತೈತವ್ವಾ.
ಬಾಯಿ ಬೇಡ್ತೈತಿ."

ಅಕೀ ಹೊಟ್ಯಾಗಿದ್ದಾಗ ನಾನು
ಒಲಿಯ ಮಣ್ಣು ಕೆರೆಕೊಂಡು ತಿಂದಿದ್ದೆ.
ಕೂಸು ಬೇಡ್ತೈತಿ, ತಿನ್ನವ್ವಾ ಅಂದಿದ್ದಳು ನಮ್ಮವ್ವ.
ಎಲ್ಲಾ ಕೂಸಿನ ಮ್ಯಾಲ ಹಾಕಿದಿವಿ.

ಇವತ್ತು ಮೊದಲ ತಾಟು ಅಕೀಗೆ ಬಡಿಸಿದೆ.
ರಾಜಗಿರಿ ಪಲ್ಯ, ಲಿಂಬಿ ಹಿಂಡಿ. ತತ್ತಿ.
ಮುತ್ತು ಬಾಯಿ ತೆಗೆದು ನೋಡಿದ,
ಅವರಪ್ಪ ಟಿವಿ ಸಣ್ಣ ಮಾಡಿದ.
ಅಕೀಗೆ ಮೊದಲು ಉಣ್ಣೂದು ಗೊತ್ತಿಲ್ಲ.
ಕೈ ತಾಟಿನ ಮ್ಯಾಲ ನಿಂತಿತ್ತು,
ಯಾರದೋ ಊಟಕ್ಕ ಕೈ ಹಾಕಿದ ಹಂಗ.
"ಚಾ?" ಅಂದಳು.
"ಇಲ್ಲ. ಈಗಲ್ಲ."

ಎಲ್ಲಾರೂ ಮಲಗಿದ ಮ್ಯಾಲ
ಸೆರಗಿನ ಗಂಟು ಬಿಚ್ಚಿ
ಆ ತುಂಡು ನಾಲಿಗಿಗೆ ಹಚ್ಚಿ ನೋಡಿದೆ.
ಖರೆ, ಹೊಸ ಮಳಿ ವಾಸನಿ.
ಬಾಯ್ತುಂಬ ನೀರು ಬಂತು.
ಇನ್ನೊಮ್ಮೆ ಕಡದೆ.

ನನ್ನ ಬೆರಳು ಯಾರೂ ಚುಚ್ಚಿಲ್ಲ.