ಮೂರು ಸ್ವರ

ಲೀಮಾದ ಟೀವಿ ಸ್ಟುಡಿಯೋದ ನೆಲಮಾಳಿಗೆಯಲ್ಲಿ
ನನ್ನ ಹೊಲಿಗೆ ಯಂತ್ರ.
ಮೇಲೆ, ನನ್ನ ನೆತ್ತಿಯ ನೇರಕ್ಕೆ, ನಗು.
ದುಡ್ಡು ಕೊಟ್ಟು ಕೂರಿಸಿದ ನಗು,
ಸೋಮವಾರದಿಂದ ಶುಕ್ರವಾರ, ಏಳೂವರೆಗೆ ಸರಿಯಾಗಿ.

ಬೆಟ್ಟದಿಂದಿಳಿದ ಪೆದ್ದಿಯ ವೇಷ. ಹಾಕುವವನು ಗಂಡಸು.
ಒಳ್ಳೆಯವನೇ, ನನ್ನ ಹುಟ್ಟುಹಬ್ಬಕ್ಕೆ ಕೇಕು ತಂದವನು.
ಅವನಿಗೆ ಎರಡು ಜಡೆ ಹೆಣೆಯುತ್ತೇನೆ,
ಹಿಂಬದಿಗೆ ಹತ್ತಿ ತುಂಬುತ್ತೇನೆ.
ಮುಂದಿನ ಹಲ್ಲಿಗೆ ಕಪ್ಪು ಬಳಿಯುವುದು ಮೇಕಪ್ಪಿನವರ ಕೆಲಸ.
ಅಷ್ಟರಮಟ್ಟಿಗೆ ಬಚಾವ್.

ಲಂಗ ಮಾತ್ರ ನನ್ನದು.
ವಾಂಕಾವೆಲಿಕಾದಲ್ಲಿ ಇಂಥ ಲಂಗದ ಅಂಚಿಗೆ
ಒಂದು ಚಳಿಗಾಲ ಪೂರ್ತಿ ಬೇಕು.
"ಹರಿ" ಎಂದರು ನಿರ್ದೇಶಕ ರೆನ್ಸೊ. ಹರಿದೆ.
"ತೇಪೆ ಹಾಕು." ಹಾಕಿದೆ.
"ಇಷ್ಟು ಚೆಂದದ ತೇಪೆಗೆ ಯಾರು ನಗುತ್ತಾರೆ, ನಜಾರಿಯಾ?
ಒರಟಾಗಿರಲಿ, ಕಣ್ಣಿಗೆ ಹೊಡೆಯಲಿ."
ಬೆರಳಿಗೆ ಸುಳ್ಳು ಹೇಳಲು ಬರಲಿಲ್ಲ.
ಮೂರು ಸಲ ಬಿಚ್ಚಿದೆ.

ಒಂದು ದಿನ ಅವನೇ ಕೆಳಗಿಳಿದು ಬಂದ:
"ನಿಮ್ಮಮ್ಮ ಮಾತಾಡೋ ಹಾಗೆ ಸ್ವಲ್ಪ ಆಡಿ ತೋರಿಸು."
ನಮ್ಮ ಕೆಚುವಾ ಮಾತಿಗೆ ಸ್ವರಗಳು ಮೂರೇ, ಅ, ಇ, ಉ.
ಸ್ಪ್ಯಾನಿಷಿನ ಎಕಾರ ಅಮ್ಮನ ಬಾಯಲ್ಲಿ
ಜಾರಿ ಇಕಾರವಾಗುತ್ತದೆ.
ಮೆಸಾ ಅಂದರೆ ಮೇಜು. ಮಿಸಾ ಅಂದರೆ ಚರ್ಚಿನ ಪೂಜೆ.
ಮೊದಲ ಸಲ ಮನೆಗೆಲಸಕ್ಕೆ ಹೋದಾಗ
"ಮಿಸಾ ಒರೆಸಿದೆ, ಸೆನ್ಯೋರಾ" ಎಂದಿದ್ದಳು.
ಮನೆಯವರೆಲ್ಲ ಊಟ ಬಿಟ್ಟು ನಕ್ಕಿದ್ದರು.
ಇದನ್ನು ಅವನಿಗೆ ಹೇಳಿದವಳು ನಾನು. ನಾನೇ.
ಆ ವಾರ ಮೇಲಿನ ನಗುವಿಗೆ
ಸೂಜಿಡಬ್ಬಿ ಅದುರಿ ಅದುರಿ ಮೇಜಿನ ಅಂಚಿಗೆ ಬಂತು.

ಅಮ್ಮನಂಥವರು ಟೀವಿಯಲ್ಲಿ ಬೇರೆಲ್ಲೂ ಇಲ್ಲ.
ಸೋಪಿನ ಜಾಹೀರಾತಿನಲ್ಲಿಲ್ಲ, ಧಾರಾವಾಹಿಯ ಮದುವೆಯಲ್ಲಿಲ್ಲ.
ಒಮ್ಮೊಮ್ಮೆ ವಾರ್ತೆಯಲ್ಲಿ,
ಬಸ್ಸು ಕಣಿವೆಗೆ ಬಿದ್ದಾಗ.

ನಿನ್ನೆ ಸಂಜೆ ನನ್ನ ಲಿಸ್ಬೆತ್
ಶಾಲೆಯ ಸಮವಸ್ತ್ರದ ಮೇಲೆ ಅಜ್ಜಿಯ ಸೆಲ್ಲೆ ಹೊದ್ದು,
ಹಲ್ಲಿಗೊಂದು ಕರಿಕಾಗದ ಅಂಟಿಸಿಕೊಂಡು
ಸೊಂಟ ಕುಣಿಸುತ್ತ ಬಂದಳು.
"ಮಿಸಾ ಒರೆಸಿದೆ, ಸೆನ್ಯೋರಾ! ಮಿಸಾ ಒರೆಸಿದೆ!"
ತರಗತಿಯಲ್ಲಿ ಇವಳಿಗೇ ಮೊದಲ ಬಹುಮಾನವಂತೆ.

ಆಲೂಗಡ್ಡೆ ಸುಲಿಯುತ್ತಿದ್ದ ಅಮ್ಮ ತಲೆಯೆತ್ತಿದಳು.
ನನ್ನ ಕಡೆ ನೋಡಲಿಲ್ಲ.
ನೋಡಿದ್ದರೆ ಚೆನ್ನಾಗಿತ್ತು.
ಕೈಯೊರೆಸಿಕೊಂಡು ಮೊಮ್ಮಗಳನ್ನು ಹತ್ತಿರ ಎಳೆದು
ಎದೆಯ ಮೇಲಿನ ಗಂಟು ಬಿಚ್ಚಿದಳು:
"ಹೀಗಲ್ಲ ಕೂಸೇ. ಹೀಗೆ ಕಟ್ಟಿದರೆ
ಬೆನ್ನ ಮೇಲಿನ ಮಗು ಜಾರುತ್ತದೆ."

ಮತ್ತೆ ಕಟ್ಟಿದಳು. ಬಿಗಿಯಾಗಿ.