ಏಳು ಪಾಯಿಂಟ್ ಏಳು

ಕಾಸರಗೋಡಿನ ವ್ಯಾಲ್ಯುವೇಶನ್ ಕ್ಯಾಂಪು, ಎಪ್ರಿಲ್ ಸೆಕೆ.
ಫ್ಯಾನಿಗೆ ಹಾರದಂತೆ ಉತ್ತರಗಳ ಕಟ್ಟಿನ ಮೇಲೆ
ನೀರಿನ ಬಾಟಲಿ ಇಟ್ಟು ಕೂತಿದ್ದೇನೆ.
ಇಪ್ಪತ್ತೆರಡನೆಯ ಪೇಪರು. ಹೆಸರಿಲ್ಲ, ಸುಳ್ಳು ನಂಬರು ಮಾತ್ರ.
ಕನ್ನಡದಲ್ಲಿ ಬರೆದದ್ದು. ಹುಡುಗಿಯೇ ಇರಬೇಕು,
ಸೊನ್ನೆಗಳು ಅಷ್ಟು ದುಂಡಗಿವೆ.

ಪ್ರಶ್ನೆ ಹದಿನೇಳು. ಮೂರು ದೋಣಿಗಳು ತಂದ ಮೀನು
ಏಳು ಬುಟ್ಟಿ, ಎಂಟು ಬುಟ್ಟಿ, ಮತ್ತೂ ಎಂಟು.
ಮಾನಕ ವಿಚಲನೆ ಕಂಡುಹಿಡಿಯಿರಿ.
ಮಲಯಾಳದಲ್ಲಿ ಮತ್ತಿ ಎಂದೇ ಇದೆ;
ಕನ್ನಡಕ್ಕೆ ತಂದವರು ಬೂತಾಯಿ ಎನ್ನಲು ನಾಚಿ
ಬರೇ ಮೀನು ಮಾಡಿಟ್ಟಿದ್ದಾರೆ.

ಇಪ್ಪತ್ತಮೂರನ್ನು ಮೂರರಿಂದ ಭಾಗಿಸಿದರೆ
ಏಳು ಪಾಯಿಂಟ್ ಆರು, ಆರು, ಆರು,
ಗೇಟಿನಲ್ಲಿ ನಿಂತವರ ಮುಂದೆ
ಗೂಡ್ಸ್ ಗಾಡಿ ಹೋಗುತ್ತಲೇ ಇದ್ದ ಹಾಗೆ.
ಅವಳಿಗೆ ಪುರುಸೊತ್ತಿಲ್ಲ.
ಏಳು ಪಾಯಿಂಟ್ ಏಳು ಎಂದು ಬರೆದು
ನುಸುಳಿ ದಾಟಿದ್ದಾಳೆ.

ವರ್ಗಗಳ ಸರಾಸರಿ ಐವತ್ತೊಂಬತ್ತು. ಸರಿ.
ಅದರಲ್ಲಿ ಸರಾಸರಿಯ ವರ್ಗ ಕಳೆಯಬೇಕು:
ಐವತ್ತೊಂಬತ್ತು ಪಾಯಿಂಟ್ ಎರಡು ಒಂಬತ್ತು.
ಉಳಿದದ್ದು ಋಣ.
ಋಣಕ್ಕೆ ವರ್ಗಮೂಲ ಎಲ್ಲಿಂದ ತರುತ್ತಾಳೆ?

ಮೂರು ಸಲ ಗೀಚಿ ಹಾಕಿದ್ದಾಳೆ, ಮೂರು ಸಲವೂ ಅದೇ.
ಕೂಡಿಸಿದ್ದು ಸರಿ, ಗುಣಿಸಿದ್ದು ಸರಿ,
ಮತ್ತೆ ತಪ್ಪನ್ನು ಯಾವ ಸಾಲಿನಲ್ಲಿ ಹುಡುಕುವುದು ಮಗೂ?
ಕೊನೆಗೆ ಮಾರ್ಜಿನ್ನಿನಲ್ಲಿ, ಪೆನ್ಸಿಲಿನಲ್ಲಿ:
“ಟೀಚರ್, ಹೀಗೆ ಬರಲಿಕ್ಕಿಲ್ಲ.
ಎಲ್ಲಿಯೋ ಹೆಚ್ಚು ತೆಗೊಂಡಿದ್ದೇನೆ. ಬೆಲ್ ಆಯಿತು.”

ಪಕ್ಕದ ಬೆಂಚಿನ ರುಖಿಯಾ ಟೀಚರ ಕಟ್ಟಿನಲ್ಲಿ
ಒಂಬತ್ತು ಮಂದಿಗೆ ಸೊನ್ನೆ ಪಾಯಿಂಟ್ ನಾಲ್ಕು ಏಳು,
ದಾರಿ ತುಳಿಯದೆ ಊರು ಮುಟ್ಟಿದವರು.
“ಉತ್ತರ ಉಂಟಲ್ಲ, ಕೊಡಲೇಬೇಕು” ಅಂದರು.
ಸ್ಕೀಮಿನಲ್ಲಿ ಸೂತ್ರಕ್ಕೆ ಒಂದು, ಉತ್ತರಕ್ಕೆ ಎರಡು.
ಸಂಶಯಕ್ಕೆ ಏನೂ ಇಲ್ಲ.

ಸೂತ್ರಕ್ಕೆ ಒಂದು ಹಾಕಿದೆ.
ಪೆನ್ಸಿಲಿನ ಸಾಲಿಗೆ ಅರ್ಧ;
ಚೀಫ್ ಕೇಳಿದರೆ ಏನನ್ನಲಿ, ಗೊತ್ತಿರಲಿಲ್ಲ.
ಒಟ್ಟು ಇಪ್ಪತ್ತಮೂರೂವರೆ. ಇಪ್ಪತ್ತನಾಲ್ಕು ಎಂದು ಬರೆದೆ.
ಅರ್ಧ ಬಂದರೆ ಮೇಲಕ್ಕೆ:
ನಾವು ಮಾಡಿದರೆ ಅದು ನಿಯಮ.

ಸಂಜೆಯ ಪ್ಯಾಸೆಂಜರು. ಮೊಗ್ರಾಲು, ಕುಂಬಳೆ.
ಶಿರಿಯ ಸೇತುವೆಯ ಮೇಲೆ ಗಾಡಿ ನಿಧಾನಿಸಿದಾಗ
ಟಿಕೇಟಿನ ಹಿಂದೆ ಲೆಕ್ಕ ಹಾಕಿದೆ.
ಏಳು ಪಾಯಿಂಟ್ ಏಳರ ಹಾಗೆ ಮೂರು ದೋಣಿಗೆ
ಇಪ್ಪತ್ತಮೂರು ಪಾಯಿಂಟ್ ಒಂದು.
ಬುಟ್ಟಿಯ ಹತ್ತರಲ್ಲಿ ಒಂದು ಪಾಲು, ಒಂದು ಹಿಡಿ ಬೂತಾಯಿ,
ಯಾವ ಬಲೆಗೂ ಬೀಳದ್ದು, ಕಡಲಿಗೂ ಗೊತ್ತಿಲ್ಲದ್ದು.

ಅವಳು ಹೆಚ್ಚು ತೆಗೊಂಡದ್ದು ಇಷ್ಟೇ.