ಸರಪಳಿಯ ಅಳತೆ

ಏಪ್ರಿಲ್ ಕೊನೆ. ಬೆವರು ಒರೆಸಿಕೊಳ್ಳುತ್ತ
ಹಾಸನದ ಬೇಲೂರು ರಸ್ತೆಯ ಅಂಗಡಿಯಲ್ಲಿ
ಕೆಸರಿನ ಸರಪಳಿ ಕೇಳಿದೆ.
ಇದಿನಬ್ಬ ನಗಲಿಲ್ಲ.
ಅಳತೆ ತಂದಿದ್ದೀಯಾ ಹೂವಪ್ಪ, ಅಂದರು.

ಜೇಬಿನಿಂದ ಸೆಣಬಿನ ಹುರಿ ತೆಗೆದೆ.
ಹಿಂದಿನ ಚಕ್ರದ ಸುತ್ತು ಒಂದು ಗಂಟಿಗೆ,
ಅಗಲ ಇನ್ನೊಂದಕ್ಕೆ,
ಟೈರಿಗೂ ಮಡ್‌ಗಾರ್ಡಿಗೂ ನಡುವಿನ ಸಂದು ಮೂರನೆಯದಕ್ಕೆ:
ಮೂರು ಬೆರಳು, ಸ್ವಲ್ಪ ಕಡಿಮೆಯೇ.
ಲೋಲಾಕ್ಷಿ ಕಟ್ಟಿದ್ದು. ಅವಳ ಗಂಟು ಬಿಚ್ಚುವುದಿಲ್ಲ.

ಟೈರಿನ ಮೇಲಿನ ನಂಬರು ಸಾಲದೇ ಎಂದೆ.
ಅದು ಹುಟ್ಟುವಾಗಿನ ನಂಬರು, ಅಂದರು,
ಸವೆದ ಮೇಲೆ ಅಳತೆ ಬೇರೆ.
ಅಷ್ಟಕ್ಕೇ ಬಿಟ್ಟರು. ನೆಲಕ್ಕೆ ಗೋಣಿ ಹಾಸಿ
ಎರಡು ರಾಶಿ ಸುರಿದರು.

ಮೊದಲನೆಯದು ಏಣಿ.
ಆ ಪಕ್ಕ ಈ ಪಕ್ಕ ಉದ್ದನೆಯ ಎಳೆ, ನಡುವೆ ಮೆಟ್ಟಿಲು.
ಹಾಕುವುದು ಸುಲಭ,
ತುಂಡಾದರೆ ತಂತಿ ಸುತ್ತಿಯಾದರೂ ಮನೆ ಸೇರಬಹುದು.
ಎರಡನೆಯದು ಹೆಣಿಗೆ, ಮೀನಿನ ಬಲೆಯ ಹಾಗೆ ಚೌಕುಳಿ,
ಕೈಗೆತ್ತಿಕೊಂಡರೆ ತಲೆಬುಡ ತಿಳಿಯದು.
ಏಣಿ ಮುಂದಕ್ಕೆ ಕಚ್ಚುತ್ತದೆ.
ಬಲೆ ಪಕ್ಕಕ್ಕೂ ಕಚ್ಚುತ್ತದೆ.
ಮುಂದೆ ಹೋಗುವುದಕ್ಕೆ ನಾಲ್ಕು ಸಾವಿರ,
ಜಾರದೆ ನಿಲ್ಲುವುದಕ್ಕೆ ಏಳೂವರೆ.

ಕೊಂಡಿ ಎಂಟು ಮಿಲಿಯೋ ಹತ್ತೋ ಎಂದು ಕೇಳುತ್ತಲೇ
ಮಣ್ಣು ಯಾವುದು, ಅಂದರು.
ಹೇಗೆ ಹೇಳಲಿ. ಕೊಟ್ಟಿಗೆಹಾರ ದಾಟಿ
ಘಾಟಿಯ ತಿರುವಿನಲ್ಲಿ ಗುಡ್ಡ ಇಳಿದು ಕೂತರೆ
ಮೇಲೆ ಕೆಮ್ಮಣ್ಣು, ಒಳಗೆ ಜೇಡಿ,
ಜೇಡಿಯೊಳಗೆ ಬೇರು ಸಮೇತ ಒಂದು ಮರ,
ಬೆಣ್ಣೆಯಲ್ಲಿ ಬಚ್ಚಿಟ್ಟ ಹಾಗೆ ಕಲ್ಲು.
ಜೀಪಿನ ಮೂತಿಗೆ ಬೆಸೆದ ಕಬ್ಬಿಣದ ಹಲಗೆಯಿಂದ
ನಾನು ಅದನ್ನು ಓರೆಯಾಗಿ ತಳ್ಳುತ್ತೇನೆ.
ಅದೂ ನನ್ನನ್ನು ಓರೆಯಾಗಿ ತಳ್ಳುತ್ತದೆ.

ಹೋದ ಜುಲೈನದು ಹೇಳಬೇಕೆಂದಿರಲಿಲ್ಲ, ಹೇಳಿದೆ.
ಮಣ್ಣಿನಾಚೆ ಆಂಬುಲೆನ್ಸಿನ ನೀಲಿ ದೀಪ,
ಈಚೆ ನಾನು. ನಾಲ್ಕೂ ಚಕ್ರ ತಿರುಗುತ್ತಿವೆ, ಜೀಪು
ಮುಂದೆ ಹೋಗುತ್ತಿಲ್ಲ, ಹಿಂದೆಯೂ ಇಲ್ಲ,
ನನ್ನ ಬಾಗಿಲ ಕಡೆಗೆ ಹೋಗುತ್ತಿದೆ.
ಬಾಗಿಲ ಕಡೆ ಕಣಿವೆ.
ತಡೆಗೋಡೆಯ ಒಂದು ಕಲ್ಲು ಹಿಡಿಯಿತು.
ಆ ಕಲ್ಲಿನ ಹೆಸರಿಗೆ ಯಾರೂ ಬಿಲ್ಲು ಬರೆಯಲಿಲ್ಲ.

ಇದಿನಬ್ಬ ಏಣಿಯನ್ನು ಗೋಣಿ ಸಮೇತ ಬದಿಗೆ ಎಳೆದರು.

ಒಂದೇ ಜೋಡಿಗೆ ದುಡ್ಡಿತ್ತು. ಮುಂದಿನ ಚಕ್ರಕ್ಕೋ, ಹಿಂದಿನದಕ್ಕೋ?
ಮುಂದೆ ಹಾಕಿದರೆ ತಿರುಗಿಸಿದಲ್ಲಿ ತಿರುಗುತ್ತದೆ,
ಹಿಂಭಾಗ ಬಾಲದ ಹಾಗೆ ಬೀಸುತ್ತದೆ.
ಹಿಂದೆ ಹಾಕಿದರೆ ಬಾಲ ನಿಲ್ಲುತ್ತದೆ,
ಮೂತಿ ಮಾತ್ರ ಇಷ್ಟ ಬಂದತ್ತ.
ಹಿಂದಕ್ಕೇ, ಅಂದೆ.
ಹಾಗಾದರೆ ನಾಲ್ಕು ಮೂಟೆ ಮರಳು ಹೇರು, ಅಂದರು.
ನಿನ್ನ ಸಂದಿಗೆ ಹತ್ತು ಮಿಲಿ ಹಿಡಿಸದು, ಎಂಟೇ ತಗೋ.
ಟಾರು ಸಿಕ್ಕ ಕೂಡಲೇ ಬಿಚ್ಚು,
ಇಲ್ಲವಾದರೆ ರಸ್ತೆ ಸರಪಳಿಯನ್ನು ತಿನ್ನುತ್ತದೆ, ಸರಪಳಿ ರಸ್ತೆಯನ್ನು.
ನೂರು ಮಾರು ಹೋಗಿ ನಿಲ್ಲಿಸು, ಮತ್ತೆ ಬಿಗಿ.
ಮೊದಲ ಬಿಗಿಯನ್ನು ನಂಬಬೇಡ.
ಐನೂರು ಬಿಟ್ಟರು. ಚಹಾ ತರಿಸಿದರು.
ಹುರಿ ಮಾತ್ರ ವಾಪಸು ಕೊಡಲು ಮರೆತರು.

ಈಗ ದಿನಾ ಸಂಜೆ, ಒಣ ಧೂಳಿನಲ್ಲಿ,
ಕಣ್ಣು ಮುಚ್ಚಿ ಹಾಕುತ್ತೇನೆ, ಬಿಚ್ಚುತ್ತೇನೆ.
ಬೇಕಾಗುವ ಹೊತ್ತಿಗೆ ಬೆಳಕು ಇರುವುದಿಲ್ಲ.
ಲೋಲಾಕ್ಷಿ ಮೊಬೈಲು ಹಿಡಿದು ಹೊತ್ತು ನೋಡುತ್ತಾಳೆ.
ಇಪ್ಪತ್ತಾರು ನಿಮಿಷ. ಇಪ್ಪತ್ತೊಂದು. ಮೊನ್ನೆ ಹತ್ತೊಂಬತ್ತು.
ನಿನ್ನೆ ಒಳಬದಿಯ ಕೊಕ್ಕೆ ಸಿಗದೆ ಮೂವತ್ತು ದಾಟಿತು.

ಇವತ್ತು ಹದಿನೇಳು. ತಲೆ ಎತ್ತಿದೆ.
ಅವಳು ಏನೂ ಅನ್ನಲಿಲ್ಲ.
ಬಕೆಟಿನಲ್ಲಿ ಮಣ್ಣು ಕಲಸಿ ತಂದು
ಚಕ್ರಕ್ಕೂ ನನ್ನ ಕೈಗೂ ಸುರಿದಳು.

ಈಗ ಹಾಕಿ, ಅಂದಳು.